ನಿಂಬೆಹಣ್ಣಿನ ಎಸೆತದಲ್ಲಿ ಹಸಿ ಕಳೆದ ಪ್ರಸಂಗ

ಬೇರೆ ಬೇರೆ ಕಾಲದ ಇಬ್ಬರು ಗಟ್ಟಿಗರನ್ನು ಹೋಲಿಸಿ ಇವನು ಹೆಚ್ಚು, ಅವನು ಕಡಿಮೆ ಎಂದು ಹೇಳಲು ಬರುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಅವರಿಗೆ ಹೋಲಿಸಲು ಬರುವುದಿಲ್ಲ, ಅಷ್ಟೇ. ನನಗೆ ಬರುತ್ತದೆ. ಕುಷ್ಟಗಿಯ ಒಂದು ದಲಾಲಿ ಅಂಗಡಿಯಲ್ಲಿ ಮಾಲು ನೋಡುವುದೇ ನನ್ನ ಉದ್ಯೋಗ. ರೈತರು ತಂದ ಶೇಂಗಾ, ತೊಗರಿ, ಸಜ್ಜೆಯ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಎತ್ತಿ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದರೆ ಸಾಕು. ಹಸಿ, ಅಂದರೆ ನೀರಿನ ತೇವ, ಎಷ್ಟು, ಮಣ್ಣು ಎಷ್ಟು, ನಿಜವಾದ ಕಾಳು ಎಷ್ಟು ಎಂದು ಹೇಳಿಬಿಡುತ್ತೇನೆ. ಹಸಿಯನ್ನೂ ಮಣ್ಣನ್ನೂ ಕಳೆದು ಉಳಿದದ್ದಕ್ಕೆ ದರ. ಹೋದ ವರ್ಷದ ತೊಗರಿಯನ್ನು ಈ ವರ್ಷದ ತೊಗರಿಯ ಪಕ್ಕದಲ್ಲಿಟ್ಟು ತೂಗುವ ಮನುಷ್ಯನಿಗೆ, ಹಿಂದಿನ ಕಾಲದವರನ್ನು ಈಗಿನವರ ಪಕ್ಕದಲ್ಲಿಟ್ಟು ತೂಗುವುದು ಯಾವ ದೊಡ್ಡ ಮಾತು!

ಇಷ್ಟು ಧೈರ್ಯವನ್ನು ಗಂಟು ಕಟ್ಟಿಕೊಂಡು ನಾನು ಪಂಚಮಿಗೆ ಬೇವೂರಿಗೆ ಹೋದೆ.

ಬೇವೂರು ನನ್ನ ಹೆಂಡತಿ ಗಿರಿಜಾಳ ತವರು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅವರು ಮುಂಚೆಯೇ ತವರಿಗೆ ಹೋಗಿ ಜೋಕಾಲಿ ಜೀಕುತ್ತಾರೆ, ನಾಗಪ್ಪನಿಗೆ ಹಾಲೆರೆಯುತ್ತಾರೆ. ಗಂಡಂದಿರು ಹಿಂದಿನಿಂದ ಹೋಗಿ ಶೇಂಗಾ ಉಂಡಿ, ಎಳ್ಳುಂಡಿ ತಿಂದು, ಮಾವನ ಮನೆಯ ಮರ್ಯಾದೆ ಮಾಡಿಸಿಕೊಂಡು ಹೆಂಡತಿಯನ್ನು ಕರೆದುಕೊಂಡು ಬರಬೇಕು. ಊರಿನ ಗಂಡಸರಿಗೆ ಈ ಹಬ್ಬದಲ್ಲಿ ಇರುವುದು ಪಂಥ. ಕಣ್ಣು ಕಟ್ಟಿಕೊಂಡು ನಡೆಯುವ ಪಂಥ, ಭಾರ ಹೊರುವ ಪಂಥ, ಎಲ್ಲಕ್ಕಿಂತ ಮಿಗಿಲಾಗಿ ನಿಂಬೆಹಣ್ಣು ಒಗೆಯುವ ಪಂಥ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಹೊಲದ ಕಡೆ ಮುಖ ಮಾಡಿ ಒಗೆಯಬೇಕು. ಯಾರ ಹಣ್ಣು ದೂರ ಬೀಳುತ್ತದೋ ಅವನಿಗೆ ಒಂದು ತೆಂಗಿನಕಾಯಿ, ಮತ್ತು ಮುಂದಿನ ಪಂಚಮಿಯವರೆಗೆ ಹೋಟೆಲಿನಲ್ಲಿ ಎದ್ದು ಜಾಗ ಕೊಡುವ ಗೌರವ.

ಈ ವಿದ್ಯೆಯಲ್ಲಿ ಬೇವೂರಿನಲ್ಲಿ ಎರಡು ಹೆಸರು. ಒಂದು ನನ್ನ ಮಾವ ಈರಪ್ಪನವರದು. ಅವರು ಹರೆಯದಲ್ಲಿ ಒಗೆದ ಹಣ್ಣು ಗುಡಿಯ ಮುಂದಿದ್ದ ದೊಡ್ಡ ಹುಣಸೆಮರವನ್ನು ದಾಟಿ ಗೌಡರ ಕಣದಲ್ಲಿ ಬಿತ್ತಂತೆ. ರಸ್ತೆ ಅಗಲ ಮಾಡುವಾಗ ಹುಣಸೆಮರ ಹೋಯಿತು, ಕಣದಲ್ಲಿ ಈಗ ಗೋಡೌನ್ ಎದ್ದಿದೆ, ಕಣ್ಣಾರೆ ನೋಡಿದವರಲ್ಲಿ ಬಹಳ ಜನ ಶಿವನ ಪಾದ ಸೇರಿದ್ದಾರೆ. ಇನ್ನೊಂದು ಹೆಸರು ಟ್ರ್ಯಾಕ್ಟರ್ ಓಡಿಸುವ ಮಂಜುನಾಥನದು. ಇಪ್ಪತ್ತೈದರ ಹುಡುಗ, ಕ್ರಿಕೆಟ್ಟಿನಲ್ಲಿ ವೇಗದ ಬೌಲರ್. ಇಡೀ ತಾಲೂಕಿನಲ್ಲಿ ಅವನ ಚೆಂಡಿಗೆ ಬ್ಯಾಟು ತಾಗಿಸಿದವನು ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಳ್ಳುತ್ತಾನೆ. ಹೋದ ವರ್ಷ ಅವನು ಒಗೆದ ಹಣ್ಣು ಹೆಚ್ಚುಕಡಿಮೆ ಆ ಗೋಡೌನಿನ ಹತ್ತಿರ ಬಿದ್ದಿತ್ತು.

ಹಾಲೆರೆದ ದಿನ ಸಂಜೆ ಗುಡಿಯ ಕಟ್ಟೆಯ ಮೇಲೆ ಇದೇ ಚರ್ಚೆ. ಎದುರಿಗೆ ಚಹಾದ ಹೋಟೆಲು ನಡೆಸುವ ದ್ಯಾಮಣ್ಣ ನನ್ನ ಕೈಗೆ ಕಪ್ಪು ಕೊಡುತ್ತ ವಿಷಯ ತೆಗೆದ.

"ಮಂಜ್ಯಾ ಒಗದದ್ದು ನೋಡೇವಿ, ಈರಪ್ಪಜ್ಜಾರು ಒಗದದ್ದು ಕೇಳೇವಿ. ನೋಡಿದ್ದು ದೊಡ್ಡದೋ, ಕೇಳಿದ್ದು ದೊಡ್ಡದೋ? ನೀವು ಪ್ಯಾಟಿಯಾಗ ಮಾಲು ನೋಡಾವ್ರು. ನೀವ ಹೇಳ್ರಿ ಅಳಿಯಾರ."

ಮಾವನವರು ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದರು. ಮಂಜುನಾಥ ಕೆಳಗೆ ನಿಂತಿದ್ದ. ಬುದ್ಧಿ ಇದ್ದವನಾಗಿದ್ದರೆ "ಇಬ್ಬರೂ ದೊಡ್ಡವರು" ಎಂದು ಹೇಳಿ ಇನ್ನೊಂದು ಕಪ್ಪು ಚಹಾ ಕುಡಿಯುತ್ತಿದ್ದ. ಆದರೆ ಗುಡಿಯ ಮೈಕು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಮೈಕು ಕಂಡರೆ ನನಗೆ ಬುದ್ಧಿ ನಿಲ್ಲುವುದಿಲ್ಲ.

ನಾನು ಎದ್ದು ನಿಂತು, ಸಮಸ್ತ ಗ್ರಾಮಸ್ಥರಿಗೆ ನಮಸ್ಕಾರ ಹೇಳಿ, ಲೆಕ್ಕ ಶುರು ಮಾಡಿದೆ. ಮಾವನವರ ಕಾಲದಲ್ಲಿ ನಾಟಿ ನಿಂಬೆ, ತೆಳು ಸಿಪ್ಪೆ, ತೂಕ ಜಾಸ್ತಿ, ಗಾಳಿ ಸೀಳಿ ಹೋಗುತ್ತದೆ. ಅದಕ್ಕೆ ಸ್ವಲ್ಪ ಕಳೆಯಬೇಕು. ಅಡ್ಡಲಾಗಿ ಹುಣಸೆಮರವಿತ್ತು, ಅದಕ್ಕೆ ಸ್ವಲ್ಪ ಕೂಡಿಸಬೇಕು. ಅವರು ಉಂಡದ್ದು ಜೋಳದ ರೊಟ್ಟಿ, ಬೆಣ್ಣೆ. ಮಂಜುನಾಥ ತಿನ್ನುವುದು ಗೋಬಿ. ಗೋಬಿ ತಿಂದೂ ಅಷ್ಟು ದೂರ ಒಗೆಯುತ್ತಾನೆ ಎಂದ ಮೇಲೆ ಅವನಿಗೂ ಸ್ವಲ್ಪ ಕೂಡಿಸಬೇಕು. ಜನ ತಲೆದೂಗಿದರು. ತಲೆದೂಗುವುದನ್ನು ಕಂಡು ನಾನು ಇನ್ನೂ ಮೇಲೇರಿದೆ.

"ಕಾಳು ಇಟ್ಟಷ್ಟೂ ಒಣಗುತ್ತದೆ, ಮಾತು ಇಟ್ಟಷ್ಟೂ ಹಸಿಯಾಗುತ್ತದೆ," ಎಂದೆ. "ಮಾವನವರ ಎಸೆತ ಇಷ್ಟು ವರ್ಷ ಬಾಯಿಂದ ಬಾಯಿಗೆ ಬಂದಿದೆ. ಪ್ರತಿ ಬಾಯಿಯೂ ಅದನ್ನು ಸ್ವಲ್ಪ ಮುಂದೆ ತಳ್ಳಿದೆ. ಆ ಹಸಿಯನ್ನು ಕಳೆಯಲೇಬೇಕು. ಕಳೆದು ನೋಡಿದರೆ ಹಣ್ಣು ಹುಣಸೆಮರವನ್ನು ದಾಟುವುದಿಲ್ಲ. ಆದ್ದರಿಂದ ಎಲ್ಲಾ ಕಾಲಕ್ಕೂ ಶ್ರೇಷ್ಠ ಎಸೆತಗಾರ ಚಿರಂಜೀವಿ ಮಂಜುನಾಥ!"

ಚಪ್ಪಾಳೆ ಬೀಳಲಿಲ್ಲ. ಮಂಜುನಾಥ ತಲೆ ತಗ್ಗಿಸಿದ. ಮಾವನವರು ಎದ್ದು, ರುಮಾಲನ್ನು ಸರಿಪಡಿಸಿಕೊಂಡು, ನನ್ನ ಮುಂದೆ ಬಂದು ನಿಂತರು. ಅವರಿಗೆ ಸಿಟ್ಟು ಬಂದರೆ ಧ್ವನಿ ಇನ್ನೂ ಮೆತ್ತಗಾಗುತ್ತದೆ.

"ಛಲೋ ಲೆಕ್ಕ ಮಾಡಿದ್ರಿ ಅಳಿಯಾರ. ಆದ್ರ ಮಾಲು ಕಣ್ಣಿಂದ ನೋಡದ ಹಸಿ ಕಳೀಬಾರದು. ನಾಳೆ ನಾ ಒಗೀತೀನಿ. ಮಂಜುನೂ ಒಗೀಲಿ. ನೀವ ಪಂಚರಾಗಿ ತೀರ್ಪು ಹೇಳ್ರಿ."

ಆಗ ಚಪ್ಪಾಳೆ ಬಿತ್ತು.

ಮನೆಗೆ ಬಂದಾಗ ಗಿರಿಜಾ ಹಿತ್ತಲಿನಲ್ಲಿ ರೊಟ್ಟಿಯ ಹಂಚು ತೊಳೆಯುತ್ತಿದ್ದಳು. ಗುಡಿಯ ಮೈಕಿನ ಬಾಯಿ ಸರಿಯಾಗಿ ಅವಳ ತವರು ಮನೆಯ ಕಡೆಗೇ ಇದೆ ಎಂಬುದು ನನಗೆ ಆಗ ತಿಳಿಯಿತು.

"ಏನ್ ಹೇಳಿ ಬಂದ್ರಿ?"

"ಇದ್ದದ್ದನ್ನು ಹೇಳಿದೆ."

"ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ. ನಮ್ಮಪ್ಪ ಒದ್ಯಾಂವ ಅಲ್ಲ, ಅದಕ್ಕ ಉಳದೀರಿ." ಹಂಚನ್ನು ಗೋಡೆಗೆ ಒರಗಿಸಿ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಕಣ್ಣು ತುಂಬಿತ್ತು. "ಬ್ಯಾಸಗ್ಯಾಗ ಜಾರಿ ಬಿದ್ದು ಬಲ ಭುಜ ನೋವು ಮಾಡ್ಕೊಂಡಾನ. ಕೊಪ್ಪಳದ ಡಾಕ್ಟರು ಕೈ ಭುಜದ ಮ್ಯಾಲ ಎತ್ತಬ್ಯಾಡ್ರಿ ಅಂತ ಹೇಳ್ಯಾರ. ಎತ್ತಿದ್ರ ಮತ್ತ ಆ ಕೈಲೆ ತುತ್ತು ಎತ್ತಾಕೂ ಆಗಂಗಿಲ್ಲ ಅಂದಾರ. ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಮೈಕು ಹಿಡಿದಾಗ ನೆನಪಿರಲಿಲ್ಲ.

"ಅಪ್ಪನ ಕೈಗೆ ಏನರೆ ಆತಂದ್ರ, ಕುಷ್ಟಗಿಗೆ ನೀವೊಬ್ರ ಹೋಗ್ರಿ. ನಾ ಇಲ್ಲೇ ಇದ್ದು ಅಪ್ಪಗ ತುತ್ತು ಮಾಡಿ ಉಣಸ್ತೀನಿ."

ಗಿರಿಜಾ ಬೆದರಿಸಲು ಮಾತಾಡುವವಳಲ್ಲ. ಬಟ್ಟೆ ಒಣಹಾಕುವಾಗ ಮಳೆ ಬರುತ್ತದೆ ಎಂದಳೆಂದರೆ ಮಳೆ ಬರುತ್ತದೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೋಗಿ ಮಾವನವರ ಕಾಲು ಹಿಡಿದು ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾಲು ನೋಡುವ ಬುದ್ಧಿಗೆ ಅಷ್ಟು ಸರಳವಾದದ್ದು ಹೊಳೆಯುವುದಿಲ್ಲ. ನನಗೆ ಹೊಳೆದದ್ದು ಬೇರೆ. ನಿಂಬೆಹಣ್ಣೇ ಇಲ್ಲದಿದ್ದರೆ ಏನನ್ನು ಒಗೆಯುತ್ತಾರೆ?

ಬೆಳಗ್ಗೆ ಎದ್ದವನೇ ಊರಿನ ಕಿರಾಣಿ ಅಂಗಡಿಗಳನ್ನೂ ಕಾಯಿಪಲ್ಲೆ ಮಾರುವ ಮುದುಕಿಯನ್ನೂ ಸುತ್ತಿ ಇದ್ದಬದ್ದ ನಿಂಬೆಹಣ್ಣನ್ನೆಲ್ಲ ಖರೀದಿ ಮಾಡಿದೆ. ಇಷ್ಟು ಯಾಕೆ ಎಂದು ಕೇಳಿದವರಿಗೆ "ಉಪ್ಪಿನಕಾಯಿಗೆ" ಎಂದೆ. ಚೀಲವನ್ನು ಮಾವನವರ ಬಂಡಿಯ ಪಕ್ಕಕ್ಕೆ ಕಟ್ಟಿ, ಊಟವಾದ ಮೇಲೆ ಹಳ್ಳದ ಕಡೆ ಸಾಗಿಸುವುದೆಂದು ಯೋಚಿಸಿ, ಇಷ್ಟು ಸುಲಭವಾಗಿ ಸಂಸಾರ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದಾಗ ಚೀಲವಿರಲಿಲ್ಲ. ಪಡಸಾಲೆಯಲ್ಲಿ ಅತ್ತೆ ನೀಲವ್ವ, ಅವರ ಜೊತೆಗೆ ಓಣಿಯ ಹೆಂಗಸರು, ಎಲ್ಲರ ಮುಂದೆ ಈಳಿಗೆ. ನಿಂಬೆಹಣ್ಣಿನ ಹೋಳುಗಳ ರಾಶಿ ಬೀಳುತ್ತಿತ್ತು.

"ಅಳಿಯಾರು ಲಗ್ನ ಆದಾಗಿಂದ ಬಾಯಿ ಬಿಟ್ಟು ಒಂದೂ ಬೇಡಿದವರಲ್ಲ," ಎಂದು ಅತ್ತೆ ಓಣಿಯವರಿಗೆ ಹೇಳುತ್ತಿದ್ದರು. ಅವರ ಧ್ವನಿ ಸಂತೋಷದಿಂದ ನಡುಗುತ್ತಿತ್ತು. "ಇವತ್ತು ನನ್ನ ಕೈಯಿಂದ ಉಪ್ಪಿನಕಾಯಿ ಬೇಕಂತ ತಾವ ಹಣ್ಣ ತಂದಾರ. ಅಂಗಡ್ಯಾವ್ರು ಹೇಳಿದ್ರು. ಬರ್ರಿ ಅಳಿಯಾರ, ಖಾರ ಎಷ್ಟು ಇರಲಿ?"

ಖಾರ ಜಾಸ್ತಿ ಇರಲಿ ಎಂದೆ. ಮತ್ತೇನು ಹೇಳಲಿ! ಹೇಗೂ ಹಣ್ಣು ಮುಗಿದವಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಹಿಗ್ಗು ಗುಡಿ ಕಟ್ಟೆಯವರೆಗೂ ಉಳಿಯಲಿಲ್ಲ. ಸಂಜೆ ಅಲ್ಲಿ ಊರೆಲ್ಲ ಸೇರಿತ್ತು. ನಿಂಬೆಹಣ್ಣು ಸಿಗುತ್ತಿಲ್ಲ ಎಂದು ದ್ಯಾಮಣ್ಣ ಕೈ ಚೆಲ್ಲಿದ್ದ. ಮಾವನವರು ಮಾತ್ರ ಶಾಂತವಾಗಿದ್ದರು.

"ನಿಂಬಿಹಣ್ಣ ಇಲ್ಲಂದ್ರ ಏನಾತು? ಹಿಂದ ನಮ್ಮ ಹಿರ್ಯಾರು ತೆಂಗಿನಕಾಯಿ ಒಗೀತಿದ್ರು. ಅದನ್ನ ಒಗ್ಯೂಣು."

ಮುದುಕರೆಲ್ಲ ಹೌದು ಹೌದು, ಅದೇ ಖರೇ ಪಂಥ ಎಂದರು. ಜೋಕಾಲಿಯ ಹತ್ತಿರ ನಿಂತಿದ್ದ ಗಿರಿಜಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ನಾನು ಒಬ್ಬನೇ ಕುಷ್ಟಗಿಯ ಬಸ್ಸು ಹತ್ತುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣಿಸಿತು. ಬೆರಳಿನಷ್ಟು ಭಾರದ ನಿಂಬೆಹಣ್ಣನ್ನು ತಪ್ಪಿಸಲು ಹೋಗಿ ಮಾವನವರ ಕೈಗೆ ಸೇರಿನ ತೆಂಗಿನಕಾಯಿ ಕೊಡಿಸಿದ್ದೆ!

ಓಡಿದೆ. ಹೊಸ ಪಂಚೆ ಕಾಲಿಗೆ ತೊಡರಿ ಎದುರು ಮನೆಯ ಎಮ್ಮೆಯ ಮುಂದೆ ಸಾಷ್ಟಾಂಗ ಬಿದ್ದು, ಎದ್ದು, ಮತ್ತೆ ಓಡಿದೆ. ಪಡಸಾಲೆಯಲ್ಲಿ ಒಂದೂ ಇಡೀ ಹಣ್ಣು ಉಳಿದಿರಲಿಲ್ಲ. ಕಡೆಗೆ ದೇವರ ಜಗುಲಿಯ ಮೇಲೆ ಅತ್ತೆ ಪೂಜೆಗೆಂದು ತೆಗೆದಿಟ್ಟಿದ್ದ ಎರಡು ಕಂಡವು. ಅವನ್ನು ಬೇಡಿದಾಗ ಅತ್ತೆಗೆ ನನ್ನ ಉಪ್ಪಿನಕಾಯಿಯ ಆಸೆ ಸ್ವಲ್ಪ ಅತಿಯಾಯಿತು ಎನ್ನಿಸಿರಬೇಕು. ಆದರೂ ಕೊಟ್ಟರು. ಅಳಿಯನಲ್ಲವೇ.

ಎರಡೇ ಹಣ್ಣು, ಒಬ್ಬರಿಗೆ ಒಂದು. ಒಂದೇ ಎಸೆತ ಎಂದು ಪಂಚನಾದ ನಾನು ಘೋಷಿಸಿದೆ. ಒಂದೇ ಎಸೆತವಾದರೆ ಮಾವನವರು ಮೆಲ್ಲಗೆ ಒಗೆದು ಮುಗಿಸುತ್ತಾರೆ, ಭುಜವೂ ಉಳಿಯುತ್ತದೆ, ನನ್ನ ಲೆಕ್ಕವೂ ಉಳಿಯುತ್ತದೆ ಎಂದುಕೊಂಡೆ. ಈ ಗಳಿಗೆಯಲ್ಲೂ ನನ್ನ ಲೆಕ್ಕ ಉಳಿಯುವ ಚಿಂತೆ ನನಗಿತ್ತು ಎಂಬುದನ್ನು ಗಮನಿಸಬೇಕು.

ಪಂಚನು ಹಣ್ಣು ಬೀಳುವ ಕಡೆ ಇರಬೇಕು. ನಾನು ಹೊಲದ ದಾರಿ ಹಿಡಿದು ಹೊರಟೆ.

"ಅಳಿಯಾರ, ಬಾಜೂಕ ನಿಂದರ್ರಿ, ನಡುವ ನಿಂದರಬ್ಯಾಡ್ರಿ," ಎಂದು ದ್ಯಾಮಣ್ಣ ಹಿಂದಿನಿಂದ ಕೂಗಿದ.

ನಾನು ನಕ್ಕೆ. ಹರೆಯದ ಎಸೆತದಲ್ಲಿ ಬಾಯಿಮಾತಿನ ಹಸಿ ಕಳೆದು, ಅದರಲ್ಲಿ ವಯಸ್ಸು ಕಳೆದು, ಅದರಲ್ಲಿ ಭುಜದ ನೋವು ಕಳೆದರೆ, ಮಾವನವರ ಹಣ್ಣು ಹೊಲದ ಅಂಚಿನ ಕರೆಂಟಿನ ಕಂಬದ ಹತ್ತಿರ ಬೀಳಬೇಕು. ನಾನು ಆ ಕಂಬವನ್ನು ದಾಟಿ ಬಹಳ ದೂರ, ಗೋಡೌನಿಗೆ ಸ್ವಲ್ಪ ಈಚೆ, ದಾರಿಯ ನಟ್ಟನಡುವೆ ಕೊಡೆ ಊರಿಕೊಂಡು ನಿಂತೆ.

ಮೊದಲು ಮಂಜುನಾಥ. ಅವನು ಕಟ್ಟೆಯ ಹಿಂದಿನ ತುದಿಯಿಂದ ಓಡಿ ಬಂದ. ಕೈ ತಿರುಗಿದ್ದು ಕಾಣಿಸಿತು, ಹಣ್ಣು ಕಾಣಿಸಲಿಲ್ಲ. ಆಮೇಲೆ ತಲೆಯ ಮೇಲೆ ಜೇನುಹುಳ ಹೋದಂತೆ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಹಿಂದೆ, ಗೋಡೌನಿನ ಗೋಡೆಗೆ ಎರಡು ಮಾರು ಈಚೆ, ಹಣ್ಣು ಮಣ್ಣಿನಲ್ಲಿ ಅರ್ಧ ಹೂತುಕೊಂಡಿತ್ತು. ನಾನು ಕೊಡೆ ಬಿಟ್ಟು ಕೈ ಮುಗಿದೆ. ಮನುಷ್ಯನ ತೋಳು ಅಷ್ಟು ದೂರ ಮುಟ್ಟುತ್ತದೆ ಎಂದು ನಾನು ತಿಳಿದಿರಲಿಲ್ಲ. ಬಿದ್ದಲ್ಲಿ ಒಂದು ಕಲ್ಲಿಟ್ಟು ನನ್ನ ಜಾಗಕ್ಕೆ ಬಂದೆ.

ಮಾವನವರು ಕಟ್ಟೆ ಹತ್ತಿದರು. ದೂರದಿಂದ ಒಂದು ಬಿಳಿ ಧೋತರ, ಒಂದು ರುಮಾಲು ಅಷ್ಟೇ ಕಾಣುತ್ತಿತ್ತು. ಅವರು ಒಗೆಯಲಿಲ್ಲ. ನಿಂತರು. ಹಣ್ಣನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತೇ ಇದ್ದರು. ನಾನು ಪಾಪ, ಧೈರ್ಯ ಸಾಲುತ್ತಿಲ್ಲ ಎಂದುಕೊಂಡೆ. ಅವರು ನೋಡುತ್ತಿದ್ದದ್ದು ದಿಬ್ಬದ ಮೇಲೆ ಸಾಲಾಗಿ ನಿಂತಿರುವ ಗಾಳಿ ವಿದ್ಯುತ್ತಿನ ಫ್ಯಾನುಗಳನ್ನು. ಅವರು ಆಗ ಏನೆಂದರು ಎಂಬುದನ್ನು ಮಂಜುನಾಥ ಆಮೇಲೆ ಹೇಳಿದ: "ನಮ್ಮ ಕಾಲದಾಗ ಬೇವಿನ ಎಲಿ ನೋಡಿ ಗಾಳಿ ತಿಳ್ಕೊತಿದ್ವೆಪಾ. ಈಗ ಸರಕಾರದವ್ರು ಇಷ್ಟು ದೊಡ್ಡ ದೊಡ್ಡ ರೆಕ್ಕಿ ಇಟ್ಟು ತೋರಸ್ಯಾರ. ಭಾಳ ಸಲೀಸಾತು." ಹೊಸ ಕಾಲದಿಂದ ಮುದುಕರಿಗೆ ಏನಾದರೂ ಲಾಭವಿದೆಯೇ ಎಂಬುದನ್ನು ನಾನು ಲೆಕ್ಕದಲ್ಲಿ ಹಿಡಿದೇ ಇರಲಿಲ್ಲ.

ರೆಕ್ಕೆಗಳು ಜೋರಾಗಿ ತಿರುಗತೊಡಗಿದವು. ನನ್ನ ಕೊಡೆ ನನ್ನನ್ನು ಎಳೆಯಿತು. ಆಗ ಮಾವನವರು ಒಗೆದರು.

ಕೈಯನ್ನು ಭುಜದ ಮೇಲೆ ಎತ್ತಲೇ ಇಲ್ಲ. ಎಡಗಾಲು ಊರಿ, ಸೊಂಟದಿಂದ ಇಡೀ ಮೈಯನ್ನು ತಿರುಗಿಸಿ, ಸುಗ್ಗಿಯಲ್ಲಿ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿಗೆ ಕವಣೆ ಬೀಸುವಂತೆ ಬೀಸಿದರು. ಆ ಮೈಯಲ್ಲಿ ಎಪ್ಪತ್ತು ವರ್ಷ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಂಥ ಚೆಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಮುಂದೆ ನೋಡುತ್ತೇನೆಂಬ ನಂಬಿಕೆಯೂ ಇಲ್ಲ. ನನ್ನ ಎದೆ ತುಂಬಿ ಬಂತು. ಜನ ಕೂಗತೊಡಗಿದರು. ಸಂತೋಷಕ್ಕೆ ಕೂಗುತ್ತಿದ್ದಾರೆ ಎಂದುಕೊಂಡು ನಾನೂ ಕೈ ಬೀಸಿದೆ. ಆಮೇಲೆ ಪಂಚನ ಕರ್ತವ್ಯದಂತೆ, ಹಣ್ಣು ಎಲ್ಲಿ ಬೀಳುತ್ತದೆ ಎಂದು ಕಣ್ಣಿಟ್ಟು ನೋಡುತ್ತ ನಿಂತೆ. ಕಣ್ಣಿಟ್ಟದ್ದು ದೂರದ ಕರೆಂಟಿನ ಕಂಬದ ಬುಡದಲ್ಲಿ.

ಹಣ್ಣು ನನ್ನ ಹಣೆಗೆ ಬಿತ್ತು.

ಕಣ್ಣು ಬಿಟ್ಟಾಗ ಆಕಾಶ ಕಂಡಿತು. ಊರಿಡೀ ನನ್ನ ಕಡೆ ಓಡಿಬರುತ್ತಿತ್ತು. ಎಲ್ಲರಿಗಿಂತ ಮುಂದೆ ಗಿರಿಜಾ, ಸೀರೆಯ ನೆರಿಗೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು. ಎಷ್ಟಾದರೂ ಹೆಂಡತಿ, ಕರುಳು ಕೇಳುವುದಿಲ್ಲ ಎಂದು ಬಿದ್ದಲ್ಲಿಂದಲೇ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋದಳು. ಹುಲ್ಲಿನಲ್ಲಿ ಬಿದ್ದಿದ್ದ ನಿಂಬೆಹಣ್ಣನ್ನು ಎತ್ತಿ, ಸೆರಗಿನಿಂದ ಒರೆಸಿ, ಎದೆಗೆ ಒತ್ತಿಕೊಂಡಳು. ಸಣ್ಣವಳಿದ್ದಾಗ ಅಪ್ಪ ಒಗೆದ ಹಣ್ಣನ್ನು ಓಡಿಹೋಗಿ ಆರಿಸಿ ತರುತ್ತಿದ್ದವಳು ಅವಳೇ ಅಂತೆ.

"ಯಪ್ಪಾ, ಕೈ?" ಎಂದು ಕೂಗಿದಳು.

ಮಾವನವರು ದೂರದಿಂದಲೇ ಬಲಗೈಯ ಬೆರಳು ಅಗಲಿಸಿ, ಮುಷ್ಟಿ ಮಾಡಿ ತೋರಿಸಿದರು. ಏನೂ ಆಗಿರಲಿಲ್ಲ. ಅವಳು ಅಳುತ್ತ ನಕ್ಕಳು. ಆಮೇಲೆ ನನ್ನ ನೆನಪಾಗಿ ಬಂದು ಕೈ ಹಿಡಿದು ಎಬ್ಬಿಸಿ ಕೂರಿಸಿದಳು. ಹಣೆಯ ಮೇಲೆ ಎದ್ದ ಬೋರೆಯನ್ನು ನೋಡಿ, "ಪಂಥ ಮುಗೀತಲ್ಲ. ನಾಳೆ ನಸುಕಿನ್ಯಾಗ ಹೊಂಡೂಣು, ನಿಮಗ ಅಂಗಡಿ ಐತಿ," ಎಂದಳು. ಅಷ್ಟು ಸಾಕಾಗಿತ್ತು ನನಗೆ.

ಮಾವನವರು ಬಂದು ಪಕ್ಕದಲ್ಲಿ ಕುಳಿತು ಬೋರೆಯ ಮೇಲೆ ಬೆರಳಾಡಿಸಿದರು. "ಇದರಾಗ ಹಸಿ ಎಷ್ಟು ಕಳೀತೀರಿ ಅಳಿಯಾರ?" ಎಂದು ಮೆತ್ತಗೆ ಕೇಳಿದರು. ಈ ಸಲ ಆ ಮೆತ್ತನೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅವರ ಎರಡೂ ಕಾಲು ಹಿಡಿದೆ. ನಿನ್ನೆಯೇ ಹಿಡಿಯಬೇಕಾಗಿದ್ದ ಕಾಲು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ದ್ಯಾಮಣ್ಣ ಸೊಂಟದ ಮೇಲೆ ಕೈಯಿಟ್ಟು, "ಗೆದ್ದಾವ್ರು ಯಾರು?" ಎಂದ.

ಎಲ್ಲರೂ ನೆಲ ನೋಡಿದರು. ಮಂಜುನಾಥನ ಕಲ್ಲು ನಾನು ನಿಂತ ಜಾಗಕ್ಕಿಂತ ಮುಂದಿತ್ತು. ಆದರೆ ಮಾವನವರ ಹಣ್ಣು ಬಿದ್ದಿರಲಿಲ್ಲ, ಹೋಗುತ್ತಿತ್ತು.

"ನನ್ನ ಕಲ್ಲು ದಾಟಿ ಹೋಗತಿತ್ತ್ರಿ ಅದು," ಎಂದು ಮಂಜುನಾಥ ಮಾವನವರ ಪಾದ ಮುಟ್ಟಿದ. "ಕೈ ಎತ್ತಲಾರದ ಹಿಂಗ ಒಗ್ಯಾದು ನಾ ಕಂಡಿಲ್ಲ ಮುತ್ಯಾ. ನನಗ ಕಲಸ್ರಿ."

"ದಾಟತಿತ್ತೋ, ಅಲ್ಲೇ ಬೀಳತಿತ್ತೋ, ಯಾರಿಗೆ ಗೊತ್ತೋ ತಮ್ಮಾ," ಎಂದರು ಮಾವನವರು. "ನಿನ್ನಂಗ ಓಡಿ ಬಂದು ಒಗ್ಯಾಕ ನನಗ ಹರೇದಾಗೂ ಬಂದಿಲ್ಲ."

ಇನ್ನೊಮ್ಮೆ ಒಗೆಯೋಣವೆಂದರೆ ಉಳಿದ ಹಣ್ಣಿಗೆಲ್ಲ ಉಪ್ಪು ಬಿದ್ದಿತ್ತು. ಒಗೆದ ಎರಡರಲ್ಲಿ ಒಂದು ಮಣ್ಣಿನಲ್ಲಿ ಒಡೆದಿತ್ತು, ಇನ್ನೊಂದನ್ನು ಗಿರಿಜಾ ಯಾರಿಗೂ ಕೊಡಲಿಲ್ಲ. ಮಾವನವರು ಮಗಳ ಮುಖ ನೋಡಿ, ಇದೇ ಕಡೆಯದು, ಇನ್ನು ನಾನು ಒಗೆಯುವುದಿಲ್ಲ ಎಂದು ಹನುಮಪ್ಪನ ಕಡೆ ಕೈ ಮುಗಿದು ಹೇಳಿಬಿಟ್ಟರು. ಬೇವೂರಿನಲ್ಲಿ ಎರಡು ಕಾಲಗಳನ್ನು ಒಂದೇ ನೆಲದ ಮೇಲೆ, ಒಂದೇ ಜಾತಿಯ ಹಣ್ಣಿನಲ್ಲಿ, ಒಂದೇ ಸಂಜೆ ಅಳೆಯುವ ಅವಕಾಶ ಒಂದೇ ಒಂದು ಸಲ ಬಂದಿತ್ತು. ಅದಕ್ಕೆ ಅಡ್ಡ ಬಂದದ್ದು ಮರವಲ್ಲ, ಗಾಳಿಯಲ್ಲ, ಅಳೆಯಲು ನಿಂತವನ ಹಣೆ.

ಈಗ ಆ ಊರಿನಲ್ಲಿ ಈರಪ್ಪಜ್ಜ ದೊಡ್ಡವರೋ ಮಂಜುನಾಥ ದೊಡ್ಡವನೋ ಎಂದು ಯಾರೂ ವಾದ ಮಾಡುವುದಿಲ್ಲ. ಇಬ್ಬರಿಗೂ ಹೋಟೆಲಿನಲ್ಲಿ ಎದ್ದು ಜಾಗ ಕೊಡುತ್ತಾರೆ. ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಾರಂತೆ. ಉಳಿದವರು ಸುತ್ತ ಕುಳಿತು, ಅಷ್ಟು ಅಗಲದ ಹೊಲ ಇದ್ದರೂ ಅಳಿಯ ಅಲ್ಲೇ ಯಾಕೆ ನಿಂತಿದ್ದ ಎಂದು ವಾದ ಮಾಡುತ್ತಾರಂತೆ.